ಮೂರನೆಯ ಅಚ್ಚು

ಸ್ಟೆಫಾನಿಯಾ ಹಲೈಡಾ, ಎಲ್ಲರ ಬಾಯಲ್ಲಿ ಸ್ಟೆಫ್ಕಾ, ಯಾವುದಕ್ಕೂ ಹೆದರುವ ಹೆಂಗಸಲ್ಲ ಅಂತ ಯಾರ್ಕ್‌ಟನ್ ಊರಿನವರೆಲ್ಲ ತಿಳಿದಿದ್ದರು. ಗೋಧಿ ಕಣಜದ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕೂತು, ರೈತರು ತಂದ ಕಾಳನ್ನು ಅಂಗೈ ಮೇಲೆ ಹರವಿಕೊಂಡು, "ಇದು ಎರಡನೇ ದರ್ಜೆ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದವಳು. ಎಂಥ ಜಗಳಗಂಟನೂ ಅವಳ ಕಣ್ಣಿಗೆ ಎದುರಾಡುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಅದೇ ಕಣ್ಣನ್ನು ಹಳೆಯ ಒಂದು ಸೆಂಟ್ ನಾಣ್ಯಗಳ ಮೇಲಿಟ್ಟಳು.

ಟಂಕಸಾಲೆಯಲ್ಲಿ ಒಂದು ಅಚ್ಚು ಸವೆದರೆ ಇನ್ನೊಂದು ಹಾಕುತ್ತಾರೆ. ಹೊಸ ಅಚ್ಚಿನಲ್ಲಿ ಎಲ್ಲೋ ಒಂದು ಅಕ್ಷರ ಕೂದಲೆಳೆಯಷ್ಟು ಸರಿದಿರುತ್ತದೆ. ೧೯೪೮ರ ಸೆಂಟನ್ನೇ ತೆಗೆದುಕೊಳ್ಳಿ. ಅಂಚಿನ ಸುತ್ತ ಸಣ್ಣ ಸಣ್ಣ ಹಲ್ಲುಗಳಿವೆ. ರಾಜನ ತಲೆಯ ಸುತ್ತ ಕೊರೆದ ಬರಹದಲ್ಲಿ ಒಂದು 'ಎ' ಅಕ್ಷರದ ತುದಿ ಕೆಲವು ನಾಣ್ಯಗಳಲ್ಲಿ ನೇರ ಹಲ್ಲಿಗೆ ಗುರಿಯಿಟ್ಟಿರುತ್ತದೆ, ಕೆಲವುಗಳಲ್ಲಿ ಎರಡು ಹಲ್ಲುಗಳ ನಡುವಿನ ಸಂದಿಗೆ. ಅವಳು ಸೇರಿದ್ದ ಊರಿನ ನಾಣ್ಯ ಸಂಘದ ಮಿಕ್ಕವರು ಭೂತಗನ್ನಡಿ ಹಿಡಿದು ತಿಣುಕುತ್ತಿದ್ದರೆ ಸ್ಟೆಫ್ಕಾ ರೆಪ್ಪೆ ಬಡಿಯುವಷ್ಟರಲ್ಲಿ ಹೇಳಿ ಮುಗಿಸುತ್ತಿದ್ದಳು.

ಅವಳಿಗೆ ಇದ್ದದ್ದು ಒಂದೇ ಭಯ. ಅವಳ ತಾಯಿಗೆ ಅರವತ್ತು ದಾಟಿದ ಮೇಲೆ ನೋಟದ ನಟ್ಟನಡುವೆ ಕತ್ತಲೆ ಕವಿದಿತ್ತು. ಗೂಟಕ್ಕೆ ತೂಗುಹಾಕಿದ ಕೋಟನ್ನು ಮಗ ಅಂತ ತಿಳಿದು ಮಾತಾಡಿಸುತ್ತಿದ್ದಳು ಮುದುಕಿ. ಆ ವಿಷಯವನ್ನು ಸ್ಟೆಫ್ಕಾ ಗಂಡನ ಹತ್ತಿರವೂ ಎತ್ತುತ್ತಿರಲಿಲ್ಲ.

೨೦೦೯ರ ಅಕ್ಟೋಬರಿನ ಒಂದು ಮಧ್ಯಾಹ್ನ. ಗಂಡ ನೆಸ್ಟರ್ ಹಿತ್ತಲಲ್ಲಿ ಬೀಟ್‌ರೂಟ್ ಕೀಳುತ್ತಿದ್ದ. ಕಿಟಕಿಯ ಪಕ್ಕದ ಮೇಜಿನ ಮೇಲೆ ಸ್ಟೆಫ್ಕಾ ಹೊಸದಾಗಿ ಕೊಂಡ ನಾಣ್ಯದ ಪೆಟ್ಟಿಗೆಯಿಂದ ೧೯೪೮ರ ಒಂದು ಸೆಂಟನ್ನು ತೆಗೆದು ಭೂತಗನ್ನಡಿಯ ಕೆಳಗಿಟ್ಟಳು. 'ಎ' ಹಲ್ಲಿಗೂ ಗುರಿಯಿಟ್ಟಿಲ್ಲ, ಸಂದಿಗೂ ಇಲ್ಲ. ಓರೆಯಾಗಿ ವಾಲಿದೆ, ಅದರ ಪಕ್ಕದ ಎರಡು ಹಲ್ಲು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿವೆ! ಇಲ್ಲಿಯವರೆಗೆ ಯಾರೂ ಬರೆದಿಡದ ಮೂರನೆಯ ಅಚ್ಚು. ಅವಳು ಆಗಲೇ ಸಂಘದ ಲೋರ್ನ್ ಪೆಟ್ರಾಶ್‌ಗೆ ಫೋನು ಮಾಡಿದಳು.

"ಹುಡುಗಾಟ ಆಡ್ಬೇಡ ಸ್ಟೆಫ್ಕಾ," ಅಂದ ಲೋರ್ನ್.

"ನಾನು ಯಾವತ್ತು ಹುಡುಗಾಟ ಆಡಿದೀನಿ? ಮುಂದಿನ ವಾರ ಗುರುವಾರ ತರ್ತೀನಿ, ನೀನೇ ನೋಡು."

ಫೋನಿಟ್ಟು ಬಂದು ಇನ್ನೊಂದು ಸೆಂಟ್ ನೋಡಿದಳು. ಅದರಲ್ಲೂ ಹಾಗೇ. ಮೂರನೆಯದರಲ್ಲೂ ಹಾಗೇ. ಒಳ್ಳೆ ಪೆಟ್ಟಿಗೆಯೇ ಸಿಕ್ಕಿತಲ್ಲ ಅಂತ ಹಿಗ್ಗಿದಳು. ಆಮೇಲೆ, ಸುಮ್ಮನೆ, ೧೯೫೫ರದ್ದೊಂದು ತೆಗೆದಳು. ಅದು ಬೇರೆ ಅಚ್ಚು, ಬೇರೆ ತಲೆ, ರಾಜ ಹೋಗಿ ರಾಣಿ ಬಂದ ಕಾಲದ್ದು. ಅದರಲ್ಲೂ ಹಲ್ಲುಗಳು ಉಬ್ಬಿ ಅಂಟಿಕೊಂಡಿದ್ದವು.

ನಾಣ್ಯವನ್ನು ತಲೆಕೆಳಗು ಮಾಡಿದಳು. ಈ ಸಲ ಬೇರೆ ಹಲ್ಲುಗಳು ಉಬ್ಬಿದವು. ಅವಳು ಎಲ್ಲಿ ನೋಡಿದರೆ ಅಲ್ಲೇ ಉಬ್ಬು. ಗಾಜು ಕೆಳಗಿಟ್ಟು, ಒಂದೊಂದೇ ಕಣ್ಣು ಮುಚ್ಚಿದಳು. ಎಡಗಣ್ಣಿಗೆ ಕಿಟಕಿಯ ಕಂಬಿ ನೇರ. ಬಲಗಣ್ಣಿಗೆ ಅದೇ ಕಂಬಿ ನಡುವೆ ಹಾವಿನ ಹಾಗೆ ಡೊಂಕಾಗಿತ್ತು, ಬೀಟ್‌ರೂಟ್ ಬುಟ್ಟಿ ಹಿಡಿದು ಬರುತ್ತಿದ್ದ ಗಂಡನಿಗೆ ಮುಖವೇ ಇರಲಿಲ್ಲ.

"ಏನಾಯ್ತೇ, ಯಾಕೆ ಹಾಗೆ ಕೂತಿದೀಯ?" ಅಂದ ನೆಸ್ಟರ್ ಒಳಗೆ ಬಂದು.

"ಮಂಡಿ ನೋವು," ಅಂದಳು.

ಹತ್ತು ದಿನ ಎಲ್ಲವನ್ನೂ ಮಂಡಿನೋವಿನ ಮೇಲೇ ಹಾಕಿದಳು. ಕಾರು ಓಡಿಸುವುದನ್ನು ಬಿಟ್ಟಳು, ಇಗರ್ಜಿಗೆ ಹೋಗುವುದನ್ನು ಬಿಟ್ಟಳು. ಬೆಳಗ್ಗೆ ಎದ್ದ ಕೂಡಲೇ ಎಡಗಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡುವಳು, ಇವತ್ತು ನೆಟ್ಟಗಾಗಿರಬಹುದು ಅಂತ. ದಿನದಿನಕ್ಕೆ ಡೊಂಕು ಹೆಚ್ಚಿತು. ಡಾಕ್ಟರ ಹತ್ತಿರ ಹೋದರೆ ಅವರು ತಾಯಿಯ ರೋಗದ ಹೆಸರು ಹೇಳಿಬಿಡುತ್ತಾರೆ, ಹೇಳಿದ ಮೇಲೆ ಅದು ನಿಜವಾಗಿಬಿಡುತ್ತದೆ. ಅವಳ ತಲೆಯಲ್ಲಿ ಇದೊಂದೇ ಓಡುತ್ತಿತ್ತು. ಒಂದು ದಿನ ಗೂಟದಲ್ಲಿದ್ದ ಕೋಟು ಕಂಡು ಬೆಚ್ಚಿ, ಅದನ್ನು ತೆಗೆದು ಬೀರುವಿನೊಳಗೆ ತುರುಕಿದಳು.

ಆ ಗುರುವಾರ ಬಂತು. ಇಗರ್ಜಿಯ ನೆಲಮಾಳಿಗೆಯಲ್ಲಿ ಸಂಘದ ಹತ್ತು ಜನ ಕಾದಿದ್ದರು. ಲೋರ್ನ್ ಎಲ್ಲರಿಗೂ ಡಂಗುರ ಹೊಡೆದಿದ್ದ. ಬರುವುದಿಲ್ಲ ಅಂದರೆ ಯಾಕೆ ಅಂತ ಕೇಳುತ್ತಾರೆಂದು ಹೆದರಿ ಸ್ಟೆಫ್ಕಾ ಬಂದಿದ್ದಳು. ನೆಸ್ಟರ್ ಕರೆತಂದು ಗೋಡೆ ಪಕ್ಕ ಕೂತಿದ್ದ. ಲೋರ್ನ್ ಆ ಸೆಂಟನ್ನು ತನ್ನ ಗಾಜಿನಡಿ ಇಟ್ಟು ಬಹಳ ಹೊತ್ತು ನೋಡಿದ.

"ಇದು ಸಂದಿಗೆ ಗುರಿಯಿಟ್ಟಿರೋ 'ಎ' ಕಣೇ. ಮಾಮೂಲಿ. ಏನ್ ಕುಡ್ದು ಕೂತಿದ್ದೆ ಮಾರಾಯ್ತಿ ಅವತ್ತು?"

ಎಲ್ಲರೂ ನಕ್ಕರು. ಹೌದು, ಕುಡಿದಿದ್ದೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳೂ ನಗಲು ಬಾಯಿ ತೆರೆದಳು, ನಗು ಬರಲಿಲ್ಲ.

"ಡೊಂಕಾಗಿರೋದು ನಾಣ್ಯ ಅಲ್ಲ," ಅಂದಳು. "ನನ್ನ ಕಣ್ಣು. ಲೋರ್ನ್, ನೀನು ಎದುರಿಗೇ ನಿಂತಿದೀಯ, ಬಲಗಣ್ಣಲ್ಲಿ ನಿನ್ನ ಮೂಗು ಕಾಣಿಸ್ತಿಲ್ಲ ನಂಗೆ."

ನೆಸ್ಟರ್ ಎದ್ದು ಬಂದ. "ಮಂಡಿ ಅಂದ್ಯಲ್ಲೇ," ಅಂದ. ಅಷ್ಟೇ ಅಂದದ್ದು. ಮರುದಿನ ಬೆಳಗ್ಗೆ ಅವಳನ್ನು ಎರಡು ಗಂಟೆ ದಾರಿಯ ರೆಜೈನಾಗೆ ಕರೆದುಕೊಂಡು ಹೋದ.

ಡಾಕ್ಟರಮ್ಮ ಕಣ್ಣಿನ ಹಿಂಬದಿಯ ಚಿತ್ರ ತೆಗೆದು ನೋಡಿ ಹೇಳಿದರು: "ಪರದೆ ಕೆಳಗೆ ರಕ್ತ ಸೋರ್ತಿದೆ. ಕಣ್ಣಿಗೆ ಸೂಜಿ ಹಾಕ್ಬೇಕು, ಇವತ್ತೇ."

"ಕಣ್ಣಿನ ಪಕ್ಕಕ್ಕಾ?"

"ಕಣ್ಣಿನೊಳಗೇ."

ಸ್ಟೆಫ್ಕಾ ಎದ್ದು ಬಾಗಿಲವರೆಗೆ ಹೋದಳು. ಹಿಡಿಕೆಗೆ ತಡಕಾಡಿದಳು, ಸಿಗಲಿಲ್ಲ. "ನಮ್ಮಮ್ಮಂಗೆ ಇದೇ ಆಗಿದ್ದು," ಅಂದಳು ಬಾಗಿಲಿಗೆ ಹೇಳುವ ಹಾಗೆ.

"ನಿಮ್ಮಮ್ಮನ ಕಾಲದಲ್ಲಿ ಈ ಮದ್ದು ಇರ್ಲಿಲ್ಲ," ಅಂದರು ಡಾಕ್ಟರಮ್ಮ. "ಹೋಗಿದ್ದು ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಇರೋದನ್ನ ಹಿಡಿದಿಡೋಣ. ಹತ್ತು ದಿನ ಮೊದಲೇ ಬಂದಿದ್ರೆ ಚೆನ್ನಾಗಿತ್ತು."

ನೆಸ್ಟರನ ಕೈಯನ್ನು ಉಗುರಿಳಿಯುವ ಹಾಗೆ ಹಿಡಿದುಕೊಂಡು ಮಲಗಿದಳು. ಕಣ್ಣಿಗೆ ಮರಗಟ್ಟುವ ಹನಿ ಹಾಕಿದ್ದರು. ನೋವಿಗಿಂತ ಸೂಜಿ ಹತ್ತಿರ ಬರುವುದು ಕಾಣುತ್ತದೋ ಏನೋ ಎಂಬುದೇ ದೊಡ್ಡ ದಿಗಿಲು. ಕಾಣಲಿಲ್ಲ. ಒಂದು ಒತ್ತು, ಆಮೇಲೆ ನೀರಿನಲ್ಲಿ ಮಸಿ ಕದಡಿದಂತೆ ಏನೋ ಸುಳಿಯಿತು, ಅಷ್ಟೆ.

ಬಲಗಣ್ಣಿನ ನಡುವೆ ಒಂದು ಮಬ್ಬು ಕಡೆಗೂ ಉಳಿದುಕೊಂಡಿತು. ಈಗ ಅವಳು ಎಡಗಣ್ಣಿನಿಂದಲೇ ಅಚ್ಚು ಗುರುತಿಸುತ್ತಾಳೆ, ಒಂದೊಂದಕ್ಕೂ ತುಂಬ ಹೊತ್ತು ಹಿಡಿಯುತ್ತದೆ. ಹೇಳಿದ ಮೇಲೆ ನಾಣ್ಯವನ್ನು ಲೋರ್ನ್ ಕಡೆ ತಳ್ಳಿ, "ನೀನೂ ಒಂದ್ಸಲ ನೋಡು," ಅನ್ನುತ್ತಾಳೆ. ಮೊದಲ ಸಲ ಹಾಗಂದಾಗ ಅವನು ತಬ್ಬಿಬ್ಬಾಗಿ ಗಾಜನ್ನೇ ತಲೆಕೆಳಗು ಹಿಡಿದಿದ್ದ.

ಸೂಜಿ ಹಾಕಿಸಿಕೊಳ್ಳಲು ತಿಂಗಳಿಗೊಮ್ಮೆ ರೆಜೈನಾ. ಹನ್ನೊಂದನೆಯ ಸಲ ಹೋದಾಗ ಕಾಯುವ ಕೋಣೆಯಲ್ಲಿ ಒಬ್ಬ ಮುದಿ ರೈತ ಟೊಪ್ಪಿಯನ್ನು ಹಿಂಡುತ್ತ ಕೂತಿದ್ದ.

"ಅಮ್ಮಾ, ಅಭ್ಯಾಸ ಆಗುತ್ತಾ ಇದು?" ಅಂತ ಕೇಳಿದ.

"ಇಲ್ಲಪ್ಪ," ಅಂದಳು ಸ್ಟೆಫ್ಕಾ. "ನಂಗೆ ಇವತ್ತೂ ಕೈಕಾಲು ನಡುಗ್ತಿದೆ. ಬಾ, ಈ ಕಡೆ ಕೂತ್ಕೋ."

ಅವನು ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಒಳಗಿಂದ ಹೆಸರು ಕೂಗುವವರೆಗೆ ಇಬ್ಬರೂ ಆ ವರ್ಷದ ಗೋಧಿಯ ವಿಷಯ ಮಾತಾಡಿದರು.