ಹಮೀದುನ್ನಿಸಾ ಮತ್ತು ಮಾಳಿಗಿ ಕತ್ತಿಯ ಎರಡನೇ ಭಾಗ

ಹಮೀದುನ್ನಿಸಾ ನಟಿಯಾಗಿದ್ದು ಒಂದು ಕತ್ತೆಯ ದೆಸೆಯಿಂದ. ಬೀದರಿನ ಹಳೇ ಊರಿನ ಓಣಿಯಲ್ಲಿ ಅವಳ ಮನೆ, ಮಾಳಿಗೆಗೆ ಹೊರಗಿನಿಂದಲೇ ಕಲ್ಲಿನ ಮೆಟ್ಟಿಲು. ಒಂದು ದಿನ ಇಟ್ಟಂಗಿ ಭಟ್ಟಿಯ ಕತ್ತೆಯೊಂದು ಆ ಮೆಟ್ಟಿಲು ಹತ್ತಿ, ಮೇಲೆ ಒಣಹಾಕಿದ್ದ ಶಾವಿಗೆಯನ್ನೆಲ್ಲ ತಿಂದು, ಅಲ್ಲೇ ಠಿಕಾಣಿ ಹೂಡಿತು. ಹತ್ತುವುದು ಗೊತ್ತಿತ್ತು, ಇಳಿಯುವುದು ಗೊತ್ತಿರಲಿಲ್ಲ. ಹಮೀದುನ್ನಿಸಾ ಅಂಗಳದಲ್ಲಿ ನಿಂತು ಕತ್ತೆಯ ಏಳು ತಲೆಮಾರನ್ನು ದಖನಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಬೈದಳು. ಪಕ್ಕದ ಮನೆಯ ಅಂಗನವಾಡಿ ಶಿಕ್ಷಕಿ ಮೀರಾಬಾಯಿ ಗೋಡೆಯ ಆ ಕಡೆಯಿಂದ ಕತ್ತೆಯ ವಕೀಲಿ ವಹಿಸಿಕೊಂಡಳು. ಲಗ್ನದ ವಿಡಿಯೋ ತೆಗೆಯುವ ಏಜಾಜ, ಹಮೀದುನ್ನಿಸಾಳ ಅಕ್ಕನ ಮಗ, ಎಲ್ಲವನ್ನೂ ಕ್ಯಾಮರಾದಲ್ಲಿ ಹಿಡಿದ. ಆಮೇಲೆ ಅದಕ್ಕೊಂದು ತಲೆ, ಒಂದು ಬಾಲ ಹಚ್ಚಿ ಮುಕ್ಕಾಲು ತಾಸಿನ ಸಿನಿಮಾ ಮಾಡಿ ಫೋನುಗಳಿಗೆ ಬಿಟ್ಟ: 'ಮಾಳಿಗಿ ಮ್ಯಾಲಿನ ಕತ್ತಿ'.

ಕತ್ತಿ ಅಂದರೆ ಈ ಕಡೆ ಕತ್ತೆ. ಬೆಂಗಳೂರಿನವರು ಖಡ್ಗ ಅಂದುಕೊಂಡು, ರಾಜರ ಕಥೆ ಇರಬೇಕೆಂದು ನೋಡಲು ಕೂತು ಮೋಸಹೋದರು. ಆದರೂ ಎದ್ದುಹೋಗಲಿಲ್ಲ.

ಹಮೀದುನ್ನಿಸಾಳಿಗೆ ಊರೂರಲ್ಲಿ ಹೆಸರಾಯಿತು. ಠಾಣಾ ಕುಶನೂರಿನ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರು "ಚಾಚಿ, ಒಂದ್ಸಲ ಬೈರಿ" ಎಂದು ಕೈಮುಗಿದರು. ದವಾಖಾನೆಯಲ್ಲಿ ಡಾಕ್ಟರು ಸೂಜಿ ಚುಚ್ಚುವ ಮೊದಲು ಅದನ್ನೇ ಕೇಳಿದರು, ಚುಚ್ಚಿದ ಮೇಲೆ ಕೇಳದೆಯೇ ಸಿಕ್ಕಿತು. ಕೆಟ್ಟದ್ದು ಒಂದೇ. ಜಗಳದ ಕಾವಿನಲ್ಲಿ ಮೀರಾಬಾಯಿ ಸೀನಿದಾಗ ಅವಳ ಕಟ್ಟಿಸಿದ ಹಲ್ಲು ಹಾರಿ ಗೋಡೆ ದಾಟಿ ಈಚೆ ಬಿದ್ದಿತ್ತು. ಏಜಾಜ ಅದನ್ನು ತೆಗೆಯದೆ ಸಿನಿಮಾದಲ್ಲಿ ಹಾಗೇ ಬಿಟ್ಟ. ಎಲ್ಲರಿಗಿಂತ ಜೋರಾಗಿ ನಕ್ಕವಳು ಹಮೀದುನ್ನಿಸಾ. ಮೀರಾಬಾಯಿ ರಿಟೈರಾಗಿ ಔರಾದಿನಲ್ಲಿದ್ದ ಮಗಳು ಪ್ರಣಾಲಿಯ ಮನೆಗೆ ಹೋದಳು. ಹೋಗುವಾಗ ಹೇಳಿ ಹೋಗಲಿಲ್ಲ, ಹೋದ ಮೇಲೆ ಫೋನೂ ಮಾಡಲಿಲ್ಲ.

ಎರಡು ವರ್ಷದ ಮೇಲೆ ಏಜಾಜನಿಗೆ ಎರಡನೇ ಭಾಗದ ಹುಚ್ಚು ಹತ್ತಿತು.

"ಈ ಸಲ ದೊಡ್ಡದು ಮಾಡೋಣು ಖಾಲಾ. ಡ್ರೋನ್ ಅದ, ವಿಲನ್ ಇದ್ದಾನ, ನಿಮ್ಮ ಹಿಂದ ಒಂದು ಜೀಪ್ ಸುಡ್ತದ, ನೀವು ತಿರುಗಿ ನೋಡಬಾರದು."

"ಜೀಪ್ ಸುಡ್ಲಾಕತ್ರ ಯಾಕೋ ನೋಡಬಾರದು? ನಾ ನೀರು ಹಾಕ್ತೇನಿ."

"ಸ್ಟೈಲ್ ಖಾಲಾ, ಸ್ಟೈಲ್!"

"ಮತ್ತ ಕತ್ತಿ?"

"ಕತ್ತಿ ಸಣ್ಣ ಮಕ್ಕಳಿಗೆ ಆತು ಬಿಡ್ರಿ. ಈಗ ಕುಟುಂಬಕ್ಕೆ ಒಂದು ಸಂದೇಶ ಕೊಡೋಣು."

ಸಿನಿಮಾ ತಯಾರಾಯಿತು. ಭಾಲ್ಕಿಯಲ್ಲಿ ಏಜಾಜನ ಗೆಳೆಯನದೊಂದು ಫಂಕ್ಷನ್ ಹಾಲ್ ಇತ್ತು. ಮೊದಲು ಅಲ್ಲಿಯ ಓಣಿಯ ಮಂದಿಗೆ ತೋರಿಸಿ ನೋಡೋಣವೆಂದು ಪರದೆ ಕಟ್ಟಿದರು. ಅರ್ಧಕ್ಕೆ ಬರುವುದರಲ್ಲಿ ಮಕ್ಕಳು ಕುರ್ಚಿಗಳ ಕೆಳಗೆ ಮುಟ್ಟಾಟ ಶುರು ಮಾಡಿದ್ದವು. ಮುಂದಿನ ಸಾಲಿನ ಗೋರಖನಾಥ ಎಂಬ ಹಿರಿಯರ ಗೊರಕೆ ವಿಲನ್ನಿನ ನಗುವನ್ನೂ ಮೀರಿಸಿತು. ಗುಡಿಯಾ ಅನ್ನುವ ಪುಟ್ಟ ಹುಡುಗಿ ತಾಯಿಯ ತೊಡೆಯಿಂದ ಎದ್ದು ನಿಂತು, "ಅಮ್ಮೀ, ಕತ್ತಿ ಎಲ್ಲದ?" ಎಂದು ಕೂಗಿದಳು. ಪರದೆಯ ಮೇಲೆ ಇಸ್ತ್ರಿ ಮಾಡಿದ ಸೀರೆಯುಟ್ಟ ಹಮೀದುನ್ನಿಸಾ ಕೈಜೋಡಿಸಿ, ಕೂಡಿ ಬಾಳುವುದರ ಮಹತ್ವ ಹೇಳುತ್ತಿದ್ದಳು. ಕೆಳಗೆ ಕೂತ ಹಮೀದುನ್ನಿಸಾಳ ಮೈ ಉರಿಯಿತು.

"ಯಾರೋ ಇಕಿ?" ಎಂದು ಏಜಾಜನ ಕಿವಿ ಹಿಡಿದಳು. "ಇಕಿ ನಮ್ಮ ಮನಿಗೆ ಬಂದ್ರ ನಾ ಚಾ ಸೈತ ಕೊಡಂಗಿಲ್ಲ."

ಮರುದಿನ ಔರಾದಿನ ಬಸ್ಸು ಹತ್ತಿದಳು. ಬಾಗಿಲು ತೆರೆದ ಮೀರಾಬಾಯಿ ಕೈಯಲ್ಲಿದ್ದ ತೊಗರಿಬೇಳೆಯ ಮೊರವನ್ನು ಇಳಿಸಲಿಲ್ಲ.

"ಹಾದಿ ತಪ್ಪಿ ಬಂದಿ ಏನು?"

"ಹಾದಿ ಬರೋಬ್ಬರಿ ಅದ. ಮಂದಿ ಮುಂದ ನಿನ್ನ ಹಲ್ಲಿಗಿ ನಕ್ಕಿದ್ದು ನಂದು ತಪ್ಪು." ಇಷ್ಟು ಹೇಳುವುದಕ್ಕೆ ಅವಳು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅಲ್ಲಿಗೇ ನಿಲ್ಲಿಸಬೇಕಿತ್ತು. "ಆದ್ರ ಹಾರಿದ್ದು ಮಾತ್ರ ಭಾರಿ ಛಂದ ಹಾರಿತ್ತು ನೋಡು!"

ಮೀರಾಬಾಯಿ ಬೇಳೆ ಕೇರುತ್ತಲೇ ಇದ್ದಳು. ಮೊರ ಅಲುಗಾಡತೊಡಗಿತು, ಬೇಳೆ ಚೆಲ್ಲಿತು. ಅವಳು ನಗುತ್ತಿದ್ದಳು. "ಸಿನಿಮಾ ಹೊಸದಾಗಿ ಮಾಡೋಣು, ಬಾ," ಎಂದು ಹಮೀದುನ್ನಿಸಾ ಕರೆದಳು.

"ನಾ ಬರ್ತೇನಿ," ಅಂದಳು. "ಆದ್ರ ಈ ಸಲ ಜಗಳದಾಗ ಗೆಲ್ಲೋದು ನಾನು."

"ಅದು ಜಗಳದಾಗ ನೋಡೋಣ."

ಜೀಪು, ಡ್ರೋನು ಎಲ್ಲ ಬಿಟ್ಟು ಅದೇ ಮನೆಯಲ್ಲಿ ಹೊಸದಾಗಿ ಚಿತ್ರೀಕರಣ ಶುರುವಾಯಿತು. ಅದೇ ಕತ್ತೆಯನ್ನು ಭಟ್ಟಿಯಿಂದ ಹುಡುಕಿ ತಂದರು. ಆದರೆ ಅದಕ್ಕೀಗ ಬುದ್ಧಿ ಬಂದಿತ್ತು, ಮೆಟ್ಟಿಲ ಹತ್ತಿರವೂ ಸುಳಿಯಲಿಲ್ಲ. ಆಸೆ ತೋರಿಸೋಣವೆಂದು ಹಮೀದುನ್ನಿಸಾಳ ಗಂಡ ಖಾಸಿಂ ಅಲಿ ಬೆಲ್ಲದ ಉಂಡೆ ಹಿಡಿದು ತಾನೇ ಮೇಲೆ ಹತ್ತಿದ. ಹಿಂದೆ ಬಸ್ಸು ಓಡಿಸುತ್ತಿದ್ದ ಅವನು, ಮನೆಯಲ್ಲಿ ಹಾರ್ನಿನಷ್ಟೂ ಸದ್ದು ಮಾಡಿದವನಲ್ಲ. ಹತ್ತಿದ್ದೇ ತಡ, ಮೊಣಕಾಲು ಹಿಡಿದುಕೊಂಡಿತು. ಕತ್ತೆ ಕೆಳಗೇ ಉಳಿಯಿತು, ಯಜಮಾನ ಮೇಲೆ ಸಿಕ್ಕಿಬಿದ್ದ.

ಇದು ಕಥೆಯಲ್ಲಿರಲಿಲ್ಲ. ಏಜಾಜ ಕ್ಯಾಮರಾ ಕೆಳಗಿಡುವಷ್ಟು ಒಳ್ಳೆಯವನೂ ಆಗಿರಲಿಲ್ಲ.

"ಕೂತು ಕೂತು ಇಳೀರಿ!" ಅಂದಳು ಹಮೀದುನ್ನಿಸಾ.

"ಕೂತು ಇಳಿದ್ರ ಪೈಜಾಮಾ ಹರಿತದ," ಅಂದಳು ಮೀರಾಬಾಯಿ. "ನಿಚ್ಚಣಿಕಿ ತರ್ರಿ."

"ನನ್ನ ಗಂಡನ ಪೈಜಾಮಾದ ಚಿಂತಿ ನಿನಗ್ಯಾಕ?"

ಇಬ್ಬರೂ ಸೆರಗು ಸಿಕ್ಕಿಸಿ ನಿಂತರು. ಖಾಸಿಂ ಅಲಿ ಮೇಲಿಂದ ಬಗ್ಗಿ ನೋಡಿ, ತನಗಾಗಿ ತಂದಿರದ ಬೆಲ್ಲವನ್ನು ತಿನ್ನುತ್ತ ಹೇಳಿದ: "ನಿಧಾನಕ್ಕ ಜಗಳಾಡ್ರಿ. ನಂದೇನು ಅವಸರ ಇಲ್ಲ. ಲಗ್ನ ಆದಾಗಿಂದ ಇಷ್ಟು ಶಾಂತಿ ಸಿಕ್ಕಿದ್ದಿಲ್ಲ."

ಹಮೀದುನ್ನಿಸಾ ಬೈಯುತ್ತ ಮೆಟ್ಟಿಲು ಹತ್ತಿದಳು. ಮೇಲೆ ಮುಟ್ಟುವುದರಲ್ಲಿ ಅವಳಿಗೂ ಏದುಸಿರು. ಗಂಡನ ಪಕ್ಕದಲ್ಲಿ ಧಪ್ಪನೆ ಕೂತಳು. ಅವನು ಉಳಿದ ಬೆಲ್ಲ ಮುರಿದು ಕೊಟ್ಟ. ಕಾಲು ಚಾಚಲು ಹೇಳಿ, ಅವನ ಮೊಣಕಾಲು ತಿಕ್ಕುತ್ತ ಕೂತಳು, ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕೊನೆಗೆ ಓಣಿಯ ಗಂಡಸರು ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ, ಮದುಮಕ್ಕಳಂತೆ ಹೊತ್ತು ಇಳಿಸಿದರು. ಕತ್ತೆ ಅದನ್ನೆಲ್ಲ ನೋಡುತ್ತ ಮೀರಾಬಾಯಿಯ ಚೀಲದಲ್ಲಿದ್ದ ಮೆಂತ್ಯೆ ಸೊಪ್ಪು ತಿಂದು ಮುಗಿಸಿತು.

ಔರಾದಿನಲ್ಲಿ ಮೊದಲ ಆಟ. ಕತ್ತೆ ಮೆಟ್ಟಿಲು ನೋಡಿ ಮುಖ ತಿರುಗಿಸಿದಾಗ ಮಕ್ಕಳು ಕುರ್ಚಿಯಿಂದ ಜಾರಿದವು. ಪೈಜಾಮಾದ ಮಾತಿಗೆ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಭಾಲ್ಕಿಯಿಂದ ಬಂದ ಗೋರಖನಾಥರು ಈ ಸಲ ಎಚ್ಚರವಾಗಿದ್ದರು. ಮೊಣಕಾಲು ತಿಕ್ಕುವ ಹೊತ್ತಿಗೆ ಅವರ ಹೆಂಡತಿ "ನೋಡ್ರಿ, ಕಲೀರಿ" ಅಂದಳು. "ತಿಕ್ಕೋದು ಯಾರು ನೋಡು, ನೀ ಕಲಿ" ಎಂದು ಅವರು ತಿರುಗಿಸಿ ಹೇಳಿದರು. ಇಬ್ಬರ ಮಾತೂ ಹಿಂದಿನ ಸಾಲಿನತನಕ ಕೇಳಿತು.

"ಹ್ಯಾಂಗ ಎಲ್ಲಾರಿಗೂ ಹಿಡಿಸಿತು ಖಾಲಾ?" ಎಂದು ಏಜಾಜ ಕೇಳಿದ.

"ಹೋದ ಸಲದ ಮಂದಿನೇ ಬಂದೀವಲ್ಲೋ, ಸ್ವಲ್ಪ ಮುದುಕರಾಗಿ. ನಾವು ಸುಧಾರಿಸಿಲ್ಲ ಅಂತ ನೋಡೋರಿಗಿ ಖುಷಿ."

ಆ ರಾತ್ರಿ ಪ್ರಣಾಲಿಯ ಮನೆಯಲ್ಲಿ ಊಟಕ್ಕೆ ಕೂತಾಗ ಜಗಳದಲ್ಲಿ ಗೆದ್ದವರು ಯಾರೆಂಬ ಮಾತು ಬಂತು. ಇಬ್ಬರೂ ಪ್ರಣಾಲಿಯನ್ನೇ ಪಂಚಾಯ್ತಿಗೆ ಕರೆದರು. ರೊಟ್ಟಿ ಸುಡುತ್ತದೆಂದು ಅವಳು ಒಳಗೆ ಓಡಿದಳು. ಒಲೆಯ ಮೇಲೆ ರೊಟ್ಟಿಯೇ ಇರಲಿಲ್ಲ.