ಪೂಜೆಗೆ ಕೂತ ಲ್ಯಾಪ್‌ಟಾಪ್

ಕೋಡ್ ಬರೆಯುವ ಎಡಿಟರುಗಳ ವಿಷಯ ಬಂದರೆ ನನ್ನ ಬಾಯಿಗೆ ಬ್ರೇಕ್ ಇರುತ್ತಿರಲಿಲ್ಲ. ಕಪ್ಪು ಪರದೆ, ಬರೀ ಕೀಲಿಮಣೆ, ಒಂದು ಬಟನ್ ಇಲ್ಲ, ಚಿತ್ರ ಇಲ್ಲ. ಅದಷ್ಟೇ ಎಡಿಟರ್, ಉಳಿದದ್ದೆಲ್ಲ ಮಕ್ಕಳಾಟಿಕೆ ಎನ್ನುತ್ತಿದ್ದೆ. ಮೌಸ್ ಹಿಡಿದು ಕೋಡ್ ಬರೆಯುವವರನ್ನು ಕಂಡರೆ ಮೈ ಉರಿಯುತ್ತಿತ್ತು. ತಾನೇ ಪದ ಪೂರ್ತಿ ಮಾಡಿಕೊಡುವುದು, ತಪ್ಪಿಗೆ ಕೆಂಪು ಗೆರೆ ಎಳೆಯುವುದು, ಇವೆಲ್ಲ ಸೋಮಾರಿಗಳಿಗೆ ಎಂದು ಮುದ್ದೇಬಿಹಾಳದ ಚಹಾದಂಗಡಿಯಲ್ಲಿ ಕೂತು ಕೇಳದವರಿಗೂ ಹೇಳುತ್ತಿದ್ದೆ.

ಅದೇ ಊರಲ್ಲಿ ನಮ್ಮದು ಇಬ್ಬರ ಕಚೇರಿ: ನಾನು, ಮತ್ತು ಬಸವನ ಬಾಗೇವಾಡಿ ಕಡೆಯ ಹಳ್ಳಿಯಿಂದ ಬರುವ ಒಬ್ಬ ಹೆಣ್ಣುಮಗಳು. ಅವಳ ಊರಿನ ರೈತರ ಸಂಘಕ್ಕೆ ನಾವು ಮಾಡಿಕೊಟ್ಟ ಪ್ರೋಗ್ರಾಂ, ಕಾಲುವೆ ನೀರಿನ ಪಾಳಿ ಯಾವಾಗ ಎಂದು ದಿನಾ ಮಧ್ಯಾಹ್ನ ಒಂದೇ ಸಲ, ತಾನಾಗಿಯೇ, ಎಲ್ಲರ ಮೊಬೈಲಿಗೂ ಸಂದೇಶ ಕಳಿಸುತ್ತದೆ. ಅವಳು ಬಣ್ಣ, ಬಟನ್ ಎಲ್ಲ ಇರುವ ಎಡಿಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಕೆಲಸ ಅಚ್ಚುಕಟ್ಟು. ಅದೇ ನನಗೆ ಸಹಿಸಲಾಗಲಿಲ್ಲವೇನೋ. ಈ ಸಲದ ದಸರೆಯಲ್ಲಿ, ಖಂಡೇಪೂಜೆ ಎನ್ನುವ ಆಯುಧಪೂಜೆಯ ಹಿಂದಿನ ದಿನ, ಅವಳು ಊಟಕ್ಕೆ ಎದ್ದಾಗ, ಅವಳ ಲ್ಯಾಪ್‌ಟಾಪಿನಿಂದ ಅದನ್ನು ಕಿತ್ತುಹಾಕಿ ನನ್ನ ಎಡಿಟರ್ ಕೂರಿಸಿದೆ. "ಇನ್ನ ಪ್ರೋಗ್ರಾಮರ್ ಆಗ್ತಿ ನೋಡು" ಎಂದೆ. ಅವಳು ನಕ್ಕಳು. ನಗದೆ ಏನು ಮಾಡಿಯಾಳು?

ಖಂಡೇಪೂಜೆಯ ದಿನ ನನ್ನ ಲ್ಯಾಪ್‌ಟಾಪ್ ಅರಿಶಿನ ಕುಂಕುಮ ಹಚ್ಚಿಕೊಂಡು ಪೂಜೆಗೆ ಕೂತಿತು. ಪೂಜೆಗಿಟ್ಟ ಹತಾರವನ್ನು ಮರುದಿನ ಬನ್ನಿ ಎಲೆ ಕೊಡುವ ತನಕ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. "ನಂದು ಇರ್ಲಿ ಬಿಡ್ರಿ, ಕೆಲಸ ಬಿದ್ರ ಬೇಕಾಗ್ತೈತಿ" ಎಂದು ಅವಳು ತನ್ನದನ್ನು ಪೂಜೆಗಿಡದೆ ಕಚೇರಿಯಲ್ಲಿ ಉಳಿದಳು. ನಾನು ಸಿಂದಗಿಯ ಮಾವನ ಮನೆಗೆ ಹೋಳಿಗೆ ಉಣ್ಣಲು ಹೋದೆ.

ಊಟ ಮುಗಿಯುವಷ್ಟರಲ್ಲಿ ಅವಳ ಫೋನ್ ಬಂತು. ಕಾಲುವೆಯ ಮೇಲಿನ ಗೇಟು ತಿರುಗಿಸಿದ್ದರಿಂದ ಅವಳ ಊರಿನ ಪಾಳಿ ನಾಳೆಯ ಬದಲು ಇವತ್ತೇ ಸಂಜೆಗೆ ಬಂದಿತ್ತು. ಸಂದೇಶ ಹೋಗುವ ಮುಂಚೆ ಒಂದೇ ಒಂದು ಸಾಲು ತಿದ್ದಬೇಕಿತ್ತು.

"ತಿದ್ದೇನ್ರಿ ಸರ್, ಸೇವ್ ಆಗವಲ್ದು. ಏನ ಒತ್ತಿದ್ರೂ ಅಕ್ಷರಾನ ಬೀಳಾಕತ್ತಾವ. ಯಾವ ಕೀ ಒತ್ಲಿ?"

ಅದು ವರ್ಷಗಟ್ಟಲೆ ಬೆರಳುಗಳೇ ಮಾಡಿದ ಕೆಲಸ, ಬಾಯಿಗೆ ಗೊತ್ತೇ ಇರಲಿಲ್ಲ. ತೊಡೆಯ ಮೇಲೆ ಬೆರಳಾಡಿಸಿ ನೆನಪು ಮಾಡಿಕೊಂಡೆ. ಮಾವ ವಿಚಿತ್ರವಾಗಿ ನೋಡುತ್ತಿದ್ದರು. ಹೇಳಿದ್ದು ತಪ್ಪಾಗಿ, ಅವಳು ತಿದ್ದಿದ ಸಾಲೂ ಅಳಿಸಿಹೋಯಿತು. ಎಲ್ಲರಿಗೂ ಹಳೆಯ ಸಂದೇಶವೇ ಹೋಯಿತು. ಅವಳು ಅಪ್ಪನಿಗೆ ಫೋನ್ ಮಾಡಿ ಊರಿಗೆಲ್ಲ ತಿಳಿಸಲು ಹೇಳಿದಳು. ಆತ ಸಿಕ್ಕವರಿಗೆಲ್ಲ ಹೇಳಿದ. ಮೊಬೈಲಿನಲ್ಲಿ ನಾಳೆ ಎಂದಿರುವಾಗ ಹಬ್ಬದೂಟ ಬಿಟ್ಟು ಯಾರು ಏಳುತ್ತಾರೆ? ಆ ಸಂಜೆ ನೀರು ಹರಿದದ್ದು ಅವಳ ಅಪ್ಪನ ಉಳ್ಳಾಗಡ್ಡಿ ಮಡಿಗಳಿಗೆ ಮಾತ್ರ.

ಮರುದಿನ ಸಂಘದ ಅಧ್ಯಕ್ಷರು ಬನ್ನಿ ಹಿಡಿದು ಕಚೇರಿಗೆ ಬಂದರು. ಅವಳು ಪಕ್ಕದಲ್ಲೇ ನಿಂತಿದ್ದಳು. "ಮಗಳು ಬೇಕಂತನ ಸುಳ್ಳು ಮೆಸೇಜ್ ಬಿಟ್ಟು ಅಪ್ಪನ ಹೊಲಕ್ಕ ನೀರ ಹಾಯ್ಸ್ಯಾಳ ಅಂತ ಊರಾಗ ಮಾತಾಡಾಕತ್ತಾರ. ತಪ್ಪು ಯಾರ್ದರಿ?" ಎಂದು ನನ್ನನ್ನೇ ಕೇಳಿದರು.

ನನ್ನದೇ ಎಂದು ಹೇಳಬಹುದಿತ್ತು. "ಇನ್ನೂ ಕಲಿಯಾಕತ್ತಾಳ್ರಿ" ಎಂದುಬಿಟ್ಟೆ.

ಅವರು ಹೋದ ಮೇಲೆ ಅವಳು ನನ್ನ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟಿದಳು. "ಬಂಗಾರದಂಗ ಇರೂಣ್ರಿ ಸರ್. ನಾ ಮೊದಲ ಕಲೀಬೇಕಿತ್ತು" ಎಂದಳು. "ಇರ್ಲಿ ಬಿಡವಾ" ಎಂದೆ. ಅವಳನ್ನು ಕ್ಷಮಿಸಿದೆ, ನಾನು!

ಅವಳ ಹಳೆಯ ಎಡಿಟರನ್ನು ಮತ್ತೆ ಕೂರಿಸಿಕೊಟ್ಟೆ. ಅವಳು ಅದನ್ನು ತೆರೆದಿಲ್ಲ. ಈಗ ನನ್ನದರಲ್ಲೇ, ಮೌಸ್ ಮುಟ್ಟದೆ, ನನಗಿಂತ ಚುರುಕಾಗಿ ಬರೆಯುತ್ತಾಳೆ. ಎಡಿಟರುಗಳ ಬಗ್ಗೆ ನಾನು ಚಹಾದಂಗಡಿಯಲ್ಲಿ ಬಾಯಿ ಬಿಡುವುದಿಲ್ಲ. ಮೊನ್ನೆ ಅಧ್ಯಕ್ಷರು ಮತ್ತೆ ಬಂದವರು, ಅವಳ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, "ಹುಡುಗೀನ ಛಲೋ ತಯಾರ ಮಾಡೀರಿ ಬಿಡ್ರಿ" ಎಂದು ನನಗೆ ಹೇಳಿದರು. ಅವಳ ಬೆರಳುಗಳು ನಿಂತವು. ನಾನು ಈ ಸಲವೂ ನಿಜ ಹೇಳದೆ, ಚಹಾ ತರಿಸಲೇನ್ರಿ ಎಂದು ಕೇಳಿದೆ.