ಟೊರಾಂಟೊದ ದೋಣಿಯಲ್ಲಿ ಗಂಗಮ್ಮ ತಾಯಿ ನನ್ನ ಮಗಳ ಬಾಯಿ ಬಿಡಿಸಿದಳು

ಅಳಿಯ ಜಾರಿಬಿದ್ದು ತಲೆ ಒಡೆದುಕೊಂಡ ಎಂದು ನಾವಿರುವ ಪರ್ತ್ ಊರಿನಲ್ಲಿ ಮಾತಾಗಿದೆ. ಸುಳ್ಳು. ನಾನೇ ತೆಂಗಿನಕಾಯಿಯಲ್ಲಿ ಹೊಡೆದೆ. ಕಾಯಿ ಹಿಡಿದದ್ದು ನನ್ನ ಕೈ, ಮಿಕ್ಕದ್ದೆಲ್ಲ ಗಂಗಮ್ಮ ತಾಯಿಯ ಕೆಲಸ. ಭಜನೆಗೆ ಸೇರುವ ನಿಮಗೆಲ್ಲ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಪರ್ತಿನ ಥಾರ್ನ್ಲಿ ಬಡಾವಣೆಯಲ್ಲಿ ಮಗಳು ಸುಮಾಳ ಮನೆಯಲ್ಲೇ ನಾನಿರುವುದು. ಅಳಿಯ ಗಿರೀಶ ಡಾಕ್ಟರು. ಬಟ್ಟೆ ಮುಚ್ಚುವ ಜಾಗ ನೋಡಿ ಹೊಡೆಯುತ್ತಿದ್ದ. ಒಮ್ಮೆ ಪಕ್ಕೆಲುಬು ಮುರಿದು ಆಸ್ಪತ್ರೆಗೆ ಹೋದಾಗ ನರ್ಸಿಗೆ ಸುಮಾ, "ಬಾತ್‌ರೂಮಲ್ಲಿ ಜಾರ್ಬಿಟ್ಟೆ" ಎಂದಳು. ನಾನು ಬಾಯಿ ತೆರೆದರೆ ನನ್ನ ಕೈ ಅದುಮಿದಳು. ನನಗೆ ಇಂಗ್ಲಿಷೂ ಬಾರದು. ಅಂದೇ ಹರಕೆ ಹೊತ್ತೆ: ತಾಯಿ, ಇವಳ ಬಾಯಿ ಬಿಡಿಸು, ದೊಡ್ಡ ನೀರಿಗೆ ಕಾಯಿ ಬಿಡುತ್ತೇನೆ.

ಕಳೆದ ಜುಲೈನಲ್ಲಿ ಅವನಿಗೆ ಟೊರಾಂಟೊದಲ್ಲಿ ಡಾಕ್ಟರುಗಳ ಸಭೆ. ಊರು ನೋಡಲು ನಮ್ಮನ್ನೂ ಕರೆದೊಯ್ದ. ಅಲ್ಲಿಯ ಎತ್ತರದ ಗೋಪುರದಲ್ಲಿ ಗಾಜಿನ ನೆಲವಿದೆ. ಜನ ಅದರ ಮೇಲೆ ಮಲಗಿ ನಗುತ್ತಿದ್ದರು. ಇವನು ಸುಮಾಳ ಕತ್ತು ಹಿಡಿದು ಬಗ್ಗಿಸಿ, "ನೋಡ್ಕೋ, ನೀನು ಸಾಯೋಕೆ ಇಷ್ಟೇ ದೂರ" ಎಂದ. ಮಾರನೆಯ ದಿನ ಬಸ್ಸಿನಲ್ಲಿ ಜಲಪಾತಕ್ಕೆ ಹೋದೆವು. ನೆನೆಯಬಾರದೆಂದು ಎಲ್ಲರಿಗೂ ಪ್ಲಾಸ್ಟಿಕ್ ಕೋಟು ಕೊಡುತ್ತಾರೆ. ಆ ಕೋಟಿನ ಮರೆಯಲ್ಲಿ ಹಳೆಯ ಪಕ್ಕೆಲುಬಿಗೇ ಗುದ್ದಿದ. ನೀರಿನ ಸದ್ದಿನಲ್ಲಿ ಅವಳ ಕೂಗು ಯಾರಿಗೂ ಕೇಳಲಿಲ್ಲ. ನಿನ್ನೆದುರೇ ಹೀಗಾದರೆ ನೀನಿದ್ದೇನು ಎಂದು ತಾಯಿಯನ್ನು ಬೈದೆ.

ಅದರ ಮರುದಿನ ಟೊರಾಂಟೊದ ದೊಡ್ಡ ಸರೋವರದಲ್ಲಿರುವ ದ್ವೀಪಕ್ಕೆ ಹೋಗುವ ದೋಣಿ ಹತ್ತಿದೆವು. ಬೈದದ್ದಕ್ಕೆ ಹೆದರಿ, ಹರಕೆಯನ್ನು ಮೊದಲೇ ಒಪ್ಪಿಸಿಬಿಡೋಣ ಎಂದು ಕಾಯಿಯೊಂದನ್ನು ಚೀಲದಲ್ಲಿಟ್ಟಿದ್ದೆ. ಇವನು ಕಂಬಿಗೆ ಒರಗಿ, ಹಿಂದೆ ಊರೆಲ್ಲ ಕಾಣುವಂತೆ ಫೋಟೋ ತೆಗೆ ಎಂದ. ಸುಮಾ ತೆಗೆದದ್ದರಲ್ಲಿ ಅವನ ತಲೆ ಕತ್ತರಿಸಿ ಬಂತು.

"ಒಂದು ಫೋಟೋ ತೆಗೆಯೋ ಯೋಗ್ಯತೆ ಇಲ್ವೇನೇ?" ಎಂದು ಗಂಟಲು ಹಿಡಿದು ಅವಳನ್ನು ಕಂಬಿಯಾಚೆ ಬಾಗಿಸಿದ. ಅವಳ ಕಾಲು ನೆಲ ಬಿಟ್ಟಿತು.

"ಬಿಡೋ" ಎಂದೆ.

"ನೀವು ಸುಮ್ನಿರಿ ಅತ್ತೆ."

ಕಾಯಿ ತೆಗೆದು ಕಿವಿಯ ಮೇಲೆ ಹೊಡೆದೆ. ಕಾಯಿಯೂ ಒಡೆಯಿತು, ತಲೆಯೂ ಒಡೆಯಿತು. ಕಾಯಿಯ ನೀರು, ರಕ್ತ ಒಟ್ಟಿಗೆ ಹರಿದವು. ಅವನ ಹಿಡಿತ ತಪ್ಪಿ ಸುಮಾ ಕಂಬಿಯೀಚೆ ನನ್ನ ಕಾಲ ಬಳಿ ಬಿದ್ದಳು.

ದೋಣಿಯವರು ಫೋನ್ ಮಾಡಿದ್ದರಿಂದ ದಡದಲ್ಲಿ ಪೊಲೀಸರು ನಿಂತಿದ್ದರು. ಅವನು ನನ್ನನ್ನು ತೋರಿಸಿ, ತಲೆಯ ಪಕ್ಕ ಬೆರಳು ತಿರುಗಿಸಿದ. ಮುದುಕಿಗೆ ಹುಚ್ಚು ಎಂದದ್ದು ತಿಳಿಯಲು ಇಂಗ್ಲಿಷು ಬೇಕಿಲ್ಲ. ಪೊಲೀಸಿನವಳು ನನ್ನ ತೋಳು ಹಿಡಿದಳು. ಜೈಲಿಗೆ ಬೇಕಾದರೂ ಹೋಗುತ್ತೇನೆ ತಾಯಿ, ಇವಳ ಬಾಯಿ ಬಿಡಿಸು ಎಂದೆ.

ಸುಮಾ ಅಂಗಿ ಎತ್ತಿ ಪಕ್ಕೆ ತೋರಿಸಿದಳು. ಆಮೇಲೆ ಮಾತಾಡಿದಳು, ನಿಲ್ಲಿಸಲೇ ಇಲ್ಲ. ಪೊಲೀಸಿನವಳು ನನ್ನ ತೋಳು ಬಿಟ್ಟು ಅವನಿಗೆ ಬೇಡಿ ಹಾಕಿದಳು.

"ಏನು ಹೇಳ್ದೆಯೇ?"

"ಎಲ್ಲಾ ಹೇಳ್ಬಿಟ್ಟೆ ಅಮ್ಮ. ಬಾತ್‌ರೂಮಲ್ಲಿ ಜಾರಿರ್ಲಿಲ್ಲ ಅನ್ನೋದೂ."

ನಾನು ಬೈದದ್ದನ್ನೂ ತಾಯಿ ಪ್ರಾರ್ಥನೆಯ ಲೆಕ್ಕಕ್ಕೇ ಹಾಕಿಕೊಂಡಿದ್ದಳು. ಇನ್ನು ಅವಳನ್ನು ಬೈಯುವುದಿಲ್ಲ.

ರಕ್ತ ಕಂಡ ಕಾಯಿ ಹರಕೆಗೆ ಸಲ್ಲದು. ಮಾರನೆಯ ಬೆಳಿಗ್ಗೆ ಬೇರೆ ಕಾಯಿ ಕೊಂಡು, ಮಗಳ ಜೊತೆ ಅದೇ ದೋಣಿ ಹತ್ತಿ, ಅರಿಶಿನ ಕುಂಕುಮ ಹಚ್ಚಿ ತಾಯಿಗೆ ಬಿಟ್ಟೆ. ಸುಮಾಳನ್ನು ಅದೇ ಕಂಬಿಯ ಹತ್ತಿರ ನಿಲ್ಲಿಸಿ ನಾನೇ ಫೋಟೋ ತೆಗೆದೆ. ಅವಳ ತಲೆಯೂ ಕತ್ತರಿಸಿ ಬಂತು. ಕತ್ತಿನ ಮೇಲೆ ಅವನ ಬೆರಳುಗಳ ಗುರುತು ಮಾತ್ರ ಚೆನ್ನಾಗಿ ಬಿದ್ದಿತ್ತು.

"ಇರ್ಲಿ ಅಮ್ಮ, ಇದನ್ನೇ ಪೊಲೀಸರಿಗೆ ಕೊಡೋಣ" ಎಂದಳು. ದೋಣಿ ಇಳಿದು ಕೊಟ್ಟು ಬಂದೆವು.